ಮೂವತ್ತಮೂರನೆಯ ಪುಟದ ತ್ರಿಕೋನ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಹೊಸ ಮಿಕ್ಸಿ ಮುಷ್ಕರ ಹೂಡಿತು. ಹಸಿಮೆಣಸಿನಕಾಯಿ ಚಟ್ನಿ ಅರ್ಧಕ್ಕೆ ನಿಂತಿತು. ಹೆಂಡತಿ ಮಿಕ್ಸಿಯ ಜೊತೆ ಬಂದಿದ್ದ ಕೈಪಿಡಿಯನ್ನು ನನ್ನ ಮುಂದೆ ಹಾಕಿದಳು.

"ಓದ್ರಿ. ಜಲ್ಮಪೂರ್ತಿ ಓದೋದೇ ಮಾಡೀರಿ, ಇದನ್ನೊಂದು ಓದಿ ಉಪಕಾರ ಮಾಡ್ರಿ."

ಕೈಪಿಡಿ ಏಳೆಂಟು ಭಾಷೆಗಳಲ್ಲಿತ್ತು. ಕನ್ನಡ ಎಲ್ಲಿದೆಯೆಂದು ಹುಡುಕುತ್ತ ಹಾಳೆ ಮಗುಚಿದೆ. ಮೂವತ್ತಮೂರನೆಯ ಪುಟ ತಮಿಳಿನದು. ಅದರ ಪುಟಸಂಖ್ಯೆಯ ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ಬರೆದ, ತೊಗರಿಕಾಳಿನಷ್ಟು ದೊಡ್ಡ ತ್ರಿಕೋನ ಕಂಡಿತು.

ಬಗ್ಗಿ ನೋಡಿದ ಹೆಂಡತಿ, "ಮಿಕ್ಸಿ ಪುಸ್ತಕಾನೂ ಬಿಡ್ಲಿಲ್ಲೇನ್ರಿ ನೀವು?" ಎಂದು ನಕ್ಕಳು.

ನಾನೂ ನಕ್ಕೆ. ಹಾಕಿದ ನೆನಪಿರಲಿಲ್ಲ. ಆದರೆ ಈಚೆಗೆ ನನಗೆ ನೆನಪಿರದ ಸಂಗತಿಗಳ ಪಟ್ಟಿ ದೊಡ್ಡದು. ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕುವ ವಯಸ್ಸು. ಮಿಕ್ಸಿಯ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಅದನ್ನು ಒತ್ತಬೇಕು ಎಂಬುದು ಕೊನೆಗೂ ಕನ್ನಡದಲ್ಲಿ ಸಿಕ್ಕಿತು. ಚಟ್ನಿ ಆಯಿತು. ತ್ರಿಕೋನ ಮಾತ್ರ ತಲೆಯಲ್ಲಿ ಉಳಿಯಿತು. ಅದರ ಬಗ್ಗೆ ಒಂದು ನಗೆಬರಹ ಬರೆಯೋಣವೆಂದು ಈಗ ಕೂತಿದ್ದೇನೆ.

ಬಾಡಿಗೆ ಪುಸ್ತಕದ ಅಂಗಡಿಗಳನ್ನು ಬಲ್ಲವರಿಗೆ ಈ ಗುರುತಿನ ಪದ್ಧತಿ ಗೊತ್ತಿರುತ್ತದೆ. ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ತೊಂದರೆಯಿದೆ: ಯಾವುದನ್ನು ಓದಿದ್ದೇವೆ, ಯಾವುದನ್ನು ಓದಿಲ್ಲ ಎಂಬುದು ಹತ್ತಿಪ್ಪತ್ತು ಪುಸ್ತಕಗಳ ನಂತರ ಮರೆತುಹೋಗುತ್ತದೆ. ಹೊದಿಕೆಯ ಮೇಲೆ ಅದೇ ಪಿಸ್ತೂಲು, ಅದೇ ನೆರಳು. ಹಾಗಾಗಿ ಪ್ರತಿ ಓದುಗನೂ ತನ್ನದೇ ಒಂದು ಪುಟ ಗೊತ್ತುಮಾಡಿಕೊಂಡು, ಓದಿ ಮುಗಿಸಿದ ಮೇಲೆ ಅಲ್ಲಿ ತನ್ನದೇ ಒಂದು ಗುರುತು ಹಾಕುತ್ತಿದ್ದ. ಒಬ್ಬರದು ಹದಿನೇಳನೆಯ ಪುಟದಲ್ಲಿ ಉಗುರಿನ ಗೀರು. ಇನ್ನೊಬ್ಬರದು ಐವತ್ತರಲ್ಲಿ ಅರಿಸಿನದ ಬೊಟ್ಟು. ಹೊಸಪೇಟೆಯ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಿರುವ ವಿರುಪಣ್ಣನಿಗೆ ಎಲ್ಲರ ಗುರುತೂ ಬಾಯಿಪಾಠ. ನಾವು ಪುಸ್ತಕ ಆರಿಸಿಕೊಟ್ಟರೆ ಒಂದು ಪುಟ ತೆರೆದು ನೋಡಿ, "ಇದು ಓದಿದ್ದೇ ಐತಲ್ರಿ ಸರ, ನಿಮ್ಮ ಚುಕ್ಕಿ ಬಿದ್ದೈತಿ ನೋಡ್ರಿ" ಎಂದು ಹಿಂದಕ್ಕೆ ಕೊಡುತ್ತಿದ್ದ. ಅವನ ಅಂಗಡಿ ಈಗಲೂ ಇದೆ. ಮುಂದಿನ ಅರ್ಧ ಜೆರಾಕ್ಸ್, ಹಿಂದಿನ ಅರ್ಧ ಪುಸ್ತಕ.

ನಾನು ಓದುತ್ತಿದ್ದದ್ದು ಶೂಲಪಾಣಿ ಎಂಬ ನಾಯಕನ ಪತ್ತೇದಾರಿ ಸರಣಿಯನ್ನು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿ ಇದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ. ಅಲ್ಲಿ ಎಲ್ಲರೂ ಘನ ಸಾಹಿತ್ಯದವರು. ನಾನು ಮಾತ್ರ ವೃತ್ತಪತ್ರಿಕೆಯ ಹೊದಿಕೆ ಹಾಕಿ ಮುಚ್ಚಿಕೊಂಡು ಓದುತ್ತಿದ್ದೆ. ಶೂಲಪಾಣಿಗೆ ಮನೆಯಿಲ್ಲ, ಮಾರಿಲ್ಲ. ಹೆಗಲ ಮೇಲೊಂದು ದುಪ್ಪಟಿ. ಚಹಾಕ್ಕೆ ಸಕ್ಕರೆ ಹಾಕಿಸುವುದಿಲ್ಲ. ಹೊಡೆಯುವುದು ಎಡಗೈಯಲ್ಲಿ, ಅದೂ ಒಂದೇ ಸಲ. ಪ್ರತಿ ಪುಸ್ತಕದಲ್ಲೂ ಯಾವುದೋ ಊರಿನಲ್ಲಿ ಬಸ್ಸಿಳಿಯುತ್ತಾನೆ. ಅಲ್ಲಿ ಒಬ್ಬ ಧಣಿ ಇರುತ್ತಾನೆ, ಒಂದು ಗೋದಾಮು ಇರುತ್ತದೆ, ಊಟ ಹಾಕುವ ಒಬ್ಬ ಹೆಂಗಸು ಇರುತ್ತಾಳೆ. ನೂರಿಪ್ಪತ್ತೆಂಟನೆಯ ಪುಟದ ಹೊತ್ತಿಗೆ ಧಣಿ ಜೈಲಿಗೆ, ಗೋದಾಮು ಬೆಂಕಿಗೆ. ಹೆಂಗಸು ಬಾಗಿಲಲ್ಲಿ ನಿಂತಿರುತ್ತಾಳೆ. ಕೊನೆಯ ಸಾಲು ಎಲ್ಲ ಪುಸ್ತಕಗಳಲ್ಲೂ ಒಂದೇ: 'ಬಂದ ಬಸ್ಸು ಹತ್ತಿದ. ಎಲ್ಲಿಗೆ ಎಂದು ಅವನು ಕೇಳಲಿಲ್ಲ, ಅವನನ್ನೂ ಯಾರೂ ಕೇಳಲಿಲ್ಲ.'

ಈ ಸಾಲು ನಾನು ಮೊದಲ ಸಲ ಓದಿದ್ದು ಬಹಳ ತಡವಾಗಿ. ನನ್ನ ಬಾಲ್ಯ ಕಂಪ್ಲಿಯದು. ಅಪ್ಪ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಕುದಿಸಿದ ಭತ್ತದ ಹುಳಿವಾಸನೆ, ಹಗಲೆಲ್ಲ ನಡುಗುವ ನೆಲ, ಹೊಟ್ಟಿನ ರಾಶಿಯ ಬೆಚ್ಚಗಿನ ಗುಡ್ಡ. ಆ ಗುಡ್ಡದ ಮರೆಯಲ್ಲಿ ಶೂಲಪಾಣಿಯ ಒಂದೇ ಒಂದು ಪುಸ್ತಕವನ್ನು ನಾನು ಎಷ್ಟೋ ಸಲ ಓದಿದೆ. ಅದರ ಕೊನೆಯ ಹಾಳೆಯನ್ನು ಯಾರೋ ಹರಿದು ಬೀಡಿ ಹಚ್ಚಿಕೊಂಡಿದ್ದರು. ಹೀಗಾಗಿ ನನ್ನ ಶೂಲಪಾಣಿ ಎಲ್ಲಿಗೂ ಹೋಗಿರಲಿಲ್ಲ. ಆ ಹೆಂಗಸಿನ ಜಗುಲಿಯಲ್ಲಿ ಕೂತು ಉಣ್ಣುತ್ತಲೇ ಇದ್ದ. ಹೊಸಪೇಟೆಗೆ ಕೆಲಸಕ್ಕೆ ಬಂದು, ವಿರುಪಣ್ಣನ ಅಂಗಡಿಯಲ್ಲಿ ಅದೇ ಪುಸ್ತಕದ ಪೂರ್ತಿ ಪ್ರತಿ ಸಿಕ್ಕಾಗ, ಅವನು ಎದ್ದು ಹೋದದ್ದು ತಿಳಿಯಿತು. ಎರಡು ದಿನ ಮಂಕಾಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ ಎಂಬುದನ್ನು ಯಾರಿಗೂ ಹೇಳಬೇಡಿ.

ಆ ಪ್ರತಿಯಲ್ಲೇ ತ್ರಿಕೋನವನ್ನು ಮೊದಲು ಕಂಡದ್ದು. ಮೂವತ್ತಮೂರನೆಯ ಪುಟ, ಸಂಖ್ಯೆಯ ಪಕ್ಕ. ನಂತರ ತೆಗೆದುಕೊಂಡ ಪುಸ್ತಕದಲ್ಲೂ ಇತ್ತು, ಅದರ ನಂತರದ್ದರಲ್ಲೂ. ಶೂಲಪಾಣಿಯನ್ನು ನನಗಿಂತ ಮುಂಚೆ ಯಾರೋ ಒಬ್ಬರು ತಪ್ಪದೆ ಓದುತ್ತಿದ್ದರು. ಹೊಸ ಪುಸ್ತಕ ಬಂದ ವಾರವೇ ಓಡಿದರೂ ತ್ರಿಕೋನ ಅಲ್ಲಿ ಕಾದಿರುತ್ತಿತ್ತು. ಹಾಳೆಯ ಅಂಚಿನಲ್ಲಿ ಅದಿರಿನ ಕೆಂಪು ಧೂಳು. ಆ ಓದುಗ ಗಣಿಯ ಕಡೆಯವನು ಎಂಬುದಕ್ಕೆ ಇದು ಪುರಾವೆಯಲ್ಲ, ಆಗ ಹೊಸಪೇಟೆಯಲ್ಲಿ ಮೊಸರಿಗೂ ಆ ಬಣ್ಣವಿತ್ತು. ಆದರೂ ಹಾಳೆ ತಿರುವುವಾಗ ಯಾರದೋ ಹೆಜ್ಜೆಯ ಮೇಲೆ ಕಾಲಿಡುತ್ತಿದ್ದೇನೆ ಅನ್ನಿಸುತ್ತಿತ್ತು. ವಿರುಪಣ್ಣನನ್ನು ಕೇಳಿದರೆ, "ಲಾರಿ ಡ್ರೈವರ್ ಒಬ್ರದ್ರಿ. ಮಂದಿ ಗುಟ್ಟು ನಿಮಗ್ಯಾಕ, ಪೇಪರ್‌ನಾಗ ಹಾಕ್ತೀರೇನು?" ಎಂದ.

ಒಮ್ಮೆ ಶೂಲಪಾಣಿ ಹಂಪಿಗೂ ಬಂದ. ಲೇಖಕ ಎಲ್ಲಿಯವನೋ, ಹಂಪಿಗೆ ಒಂದು ರೈಲು ನಿಲ್ದಾಣ ಕೊಟ್ಟಿದ್ದ. ಹೇಮಕೂಟದ ಮೇಲೆ ನಿಂತು ಶೂಲಪಾಣಿ ಖಳನಾಯಕ ರೈಲಿಳಿಯುವುದನ್ನು ನೋಡುತ್ತಾನೆ. ತಪ್ಪು ಕಂಡರೆ ಸ್ಥಳಕ್ಕೆ ಹೋಗಿ ಪರಿಶೀಲಿಸುವುದು ನನಗೆ ಅಂಟಿದ ಜಾಡ್ಯ. ರಜೆಯ ದಿನ ಹೋದೆ. ಮಟಮಟ ಮಧ್ಯಾಹ್ನ, ಬೇಸಿಗೆ. ಬಂಡೆಗಳ ಮೇಲಿನ ಗಾಳಿ ಕಾದ ಎಣ್ಣೆಯಂತೆ ಅಲುಗುತ್ತಿತ್ತು. ಬೆಟ್ಟದ ಮೇಲಿಂದ ಬಾಳೆತೋಟ ಕಂಡಿತು, ಹೊಳೆ ಕಂಡಿತು, ರೈಲಂತೂ ಇಲ್ಲ. ಕೆಳಗಿಳಿದು ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ನೆರಳಿಗೆ ಕೂತೆ. ಆ ಹೊತ್ತಿನಲ್ಲಿ ಅಲ್ಲಿ ನಾಯಿಯೂ ಇರಲಿಲ್ಲ. ಪುಸ್ತಕ ತೆರೆದಾಗ ಮೂವತ್ತಮೂರನೆಯ ಪುಟದಿಂದ ಒಂದು ಬಸ್ ಟಿಕೆಟ್ ಜಾರಿ ತೊಡೆಯ ಮೇಲೆ ಬಿತ್ತು. ಸಂಡೂರಿನಿಂದ ಕಮಲಾಪುರಕ್ಕೆ. ಕಮಲಾಪುರದಿಂದ ಹಂಪಿ ಎಷ್ಟು ದೂರ? ಅವನೂ ಬಂದಿದ್ದಾನೆ. ಇಲ್ಲದ ಮನುಷ್ಯನೊಬ್ಬ ಇಲ್ಲದ ರೈಲನ್ನು ನೋಡಿದ್ದು ನಿಜವೋ ಎಂದು ಪರಿಶೀಲಿಸಲು ಬಂದಿದ್ದಾನೆ. ನನ್ನಂಥ ಮೂರ್ಖ ಇನ್ನೊಬ್ಬನಿದ್ದಾನೆಂದು ನಗು ಬಂತು. ನಗುತ್ತಿರುವಾಗಲೇ ನಾನು ಕೂತ ಕಲ್ಲಿನ ಪಕ್ಕದ ಕಲ್ಲು ಕಣ್ಣಿಗೆ ಬಿತ್ತು. ಧೂಳು ತುಂಬಿದ ಅದರ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಒರೆಸಿ ಸ್ವಚ್ಛವಾಗಿತ್ತು. ಪ್ರವಾಸಿಗಳು ಯಾರಾದರೂ ಇರಬೇಕು. ಇದ್ದಿರಲೇಬೇಕು. ಪುಸ್ತಕ ಮುಚ್ಚಿ ಆಟೋ ಹಿಡಿದೆ.

ಮುಂದೆ ಗಣಿಗಳು ನಿಂತವು. ಲಾರಿಗಳು ಸಾಲುಸಾಲಾಗಿ ಮುಳ್ಳುಗಿಡಗಳ ನಡುವೆ ನಿಂತು ತುಕ್ಕು ಹಿಡಿದವು. ಆಮೇಲೆ ಬಂದ ಶೂಲಪಾಣಿಯ ಹೊಸ ಪುಸ್ತಕದಲ್ಲಿ ಮೂವತ್ತಮೂರನೆಯ ಪುಟ ಖಾಲಿ.

ಇಲ್ಲಿ ನಮ್ಮ ಕೆಲಸದ ಒಂದು ಸಂಗತಿ ಹೇಳಬೇಕು. ಪತ್ರಿಕೆಯ ಪುಟ ಅಚ್ಚಿಗೆ ಹೋಗುವ ಮೊದಲು ಅದರ ಮೂಲೆಯಲ್ಲಿ ನೋಡಿದವನ ಗುರುತು ಬೀಳಬೇಕು. ಗುರುತಿಲ್ಲದ ಪುಟವೆಂದರೆ ಯಾರೂ ನೋಡದ ಪುಟ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ ನನ್ನದು. ಖಾಲಿ ಪುಟವನ್ನು ನೋಡಿ ನನಗೆ ಚಡಪಡಿಕೆಯಾಯಿತು. ಯಾರೋ ಮಾಡಬೇಕಾದ ಕೆಲಸ ಬಿಟ್ಟುಹೋದಂತೆ. ಯೋಚಿಸದೆ ಜೇಬಿನ ಪೆನ್ನು ತೆಗೆದು ತ್ರಿಕೋನ ಹಾಕಿದೆ. ಪುಟಕ್ಕೆ ಸಮಾಧಾನವಾಯಿತು. ಆಮೇಲೆ ಅದು ನನ್ನ ರೂಢಿಯೇ ಆಯಿತು. ನನ್ನ ಹಳೆಯ ಚುಕ್ಕಿ ಬಿಟ್ಟೆ. ಬಂದ ಹೊಸ ಶೂಲಪಾಣಿಗೆಲ್ಲ ತ್ರಿಕೋನ. ಇದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ.

ಈ ವರ್ಷದ ಆರಂಭದಲ್ಲಿ, ನಾನು ನಿವೃತ್ತನಾದ ಮೇಲೆ, ವಿರುಪಣ್ಣ ಜೆರಾಕ್ಸ್ ತೆಗೆಯುತ್ತ ಮಾತಿಗೆ ಹೇಳಿದ:

"ನಿಮ್ಮ ಶೂಲಪಾಣಿಗೆ ಇನ್ನೊಬ್ರು ಗಿರಾಕಿ ಅದಾರ್ರಿ ಸರ. ಒಬ್ರು ಅಮ್ಮಾರು. ನೀವು ತಂದು ಕೊಟ್ಟ ಮ್ಯಾಲ ತಗೊಂಡು ಹೋಗ್ತಾರ."

"ಹೆಂಗಸರು ಓದ್ತಾರೇನು ಇದನ್ನ?"

"ಓದ್ತಾರೋ ಬಿಡ್ತಾರೋ. ಮೊದ್ಲು ಇಲ್ಲೇ ನಿಂತು ಒಂದ ಹಾಳಿ ತೆಗೀತಾರ. ಬಟ್ಟು ಇಟ್ಟು ಮುಟ್ಟಿ ನೋಡ್ತಾರ. ಕಣ್ಣಿಗೆ ಒತ್ಕೊಂಡು ಚೀಲದಾಗ ಹಾಕ್ಕೊಂತಾರ."

"ಯಾವ ಹಾಳಿ?"

"ನಿಮಗ ಗೊತ್ತಿಲ್ಲದ್ದೇನ್ರಿ? ಮೂವತ್ತಮೂರು. ಅವರ ಗಂಡಂದು ಆ ಗುರ್ತು. ಮನುಷ್ಯಾ ಹೋಗಿ ಹನ್ನೆರಡು ವರ್ಷಾತು. ಗುರ್ತು ಬರಾಕತ್ತೈತಿ ನೋಡ್ರಿ ಹೆಂಗ."

ಯಂತ್ರದ ಹಸಿರು ಬೆಳಕು ಅವನ ಗದ್ದದ ಮೇಲೆ ಹಾದುಹೋಯಿತು. ಅವನು ನಂಬಿದ್ದನೋ, ನನ್ನನ್ನು ಅಣಕಿಸುತ್ತಿದ್ದನೋ ತಿಳಿಯಲಿಲ್ಲ. ನನ್ನ ಕೈ ಜೇಬಿನ ಪೆನ್ನನ್ನು ಮುಚ್ಚಿ ಹಿಡಿದಿತ್ತು.

ಆ ಅಮ್ಮನ ಹೆಸರು ನೀಲಮ್ಮ. ಬಳ್ಳಾರಿ ರಸ್ತೆಯಲ್ಲಿ ಒಂದು ಖಾನಾವಳಿ ನಡೆಸುತ್ತಾರೆ: ನಾಲ್ಕು ಬೆಂಚು, ಬಿಸಿ ರೊಟ್ಟಿ, ಎರಡು ಪಲ್ಯ. ಸತ್ಯ ಹೇಳಿಬಿಡಬೇಕೆಂದು ಹೋದೆ. ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಮೊದಲ ದಿನ ಮೂರು ರೊಟ್ಟಿ ತಿಂದು ಬಂದೆ. ಎರಡನೆಯ ದಿನ ನಾಲ್ಕು. ಹೀಗೆ ಮೂರು ವಾರ ಉಂಡೆ. ಪ್ಯಾಂಟು ಬಿಗಿಯಾಯಿತು, ಬಾಯಿ ಬಿಡಲಿಲ್ಲ.

ನೀಲಮ್ಮ ಐವತ್ತರ ಹೆಂಗಸು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ನಾನು ಪತ್ರಿಕೆಯವನೆಂದು ತಿಳಿದ ದಿನ ಒಳಗಿನಿಂದ ಪ್ಲಾಸ್ಟಿಕ್ ಹಾಕಿಸಿದ ಒಂದು ತುಣುಕು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಒಂದೇ ಕಾಲಂ, ಆರು ಸಾಲು. 'ಲಾರಿ ಚಾಲಕ ನಾಪತ್ತೆ.' ನೋಡಿದ ಕೂಡಲೇ ಗೊತ್ತಾಯಿತು, ಅದು ನಾನೇ ಬರೆದದ್ದು. ಬರೆದದ್ದು ಮಾತ್ರ ಮರೆತುಹೋಗಿತ್ತು.

"ನೀವ್ ಬರದೀರಿ, ಕರಿ ಪ್ಯಾಂಟು ಹಾಕ್ಕೊಂಡಿದ್ರು ಅಂತ," ಎಂದರು ನೀಲಮ್ಮ. "ಜಲ್ಮದಾಗ ಪ್ಯಾಂಟು ಹಾಕ್ದವರಲ್ಲ ಅವರು. ಲುಂಗಿ ಮನುಷ್ಯಾ. ಪ್ಯಾಂಟು ಹಾಕಿದವನ್ನ ಹುಡುಕಿದ್ರ ಹೆಂಗ್ ಸಿಗ್ತಾರ್ರಿ ಅಣ್ಣಾರ?"

ಪೊಲೀಸರು ಕೊಟ್ಟದ್ದನ್ನು ಹಾಗೇ ಬರೆದಿದ್ದೆ ಎಂದು ಗೊಣಗಿದೆ. ಅವರು ನಕ್ಕರು. ಆಮೇಲೆ ಪತ್ರಿಕೆಯಲ್ಲಿ ಬರದ ಸಂಗತಿ ಹೇಳಿದರು. ಲಾರಿ ಸಿಕ್ಕಿದ್ದು ಸಂಡೂರಿನಿಂದ ಈಚೆ, ರಸ್ತೆಯ ಎಡಕ್ಕೆ. ಕೀಲಿ ಅದರಲ್ಲೇ ಇತ್ತು. ಸೀಟಿನ ಮೇಲೆ ಮಡಿಚಿಟ್ಟ ಟವೆಲು. ಲಾರಿಯ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೆಟ್ಟು ನಿಂತ ಗಾಡಿಗಳ ಹಿಂದೆ ಇಡುತ್ತಾರಲ್ಲ, ಆ ಕೆಂಪು ತ್ರಿಕೋನ ಇಟ್ಟಿತ್ತು.

"ಗಾಡಿ ಕೆಟ್ಟಿರ್ಲಿಲ್ರಿ. ಮಾಲಕರು ಬಂದು ಕೀಲಿ ತಿರುವಿದ್ರ, ಒಂದ ಸಲಕ್ಕ ಚಾಲೂ ಆತು."

ಪುಸ್ತಕದ ಗುರುತೂ ಅದೇ ತ್ರಿಕೋನವಂತೆ. 'ನಾನು ಇಲ್ಲಿಯವರೆಗೆ ಬಂದು ನಿಂತಿದ್ದೆ' ಎಂದು ಗಂಡ ಹೇಳುವುದಕ್ಕೆ. ಮೂವತ್ತಮೂರು ಅವರ ಲಾರಿಯ ಸಂಖ್ಯೆಯ ಕೊನೆ. ಗಂಡ ಬಸವರಾಜ ಅದಿರಿನ ಲಾರಿಗಳ ಸಾಲಿನಲ್ಲಿ ದಿನಗಟ್ಟಲೆ ನಿಲ್ಲಬೇಕಾಗುತ್ತಿತ್ತು. ಆಗ ಓದಲಿಕ್ಕೆ ಪುಸ್ತಕ ಒಯ್ದುಕೊಡುತ್ತಿದ್ದವರು ನೀಲಮ್ಮ.

"ನನಗ ಆವಾಗ ಅಕ್ಷರ ಅಷ್ಟಕ್ಕಷ್ಟ. ತ್ರಿಕೋನ ಇಲ್ಲದ್ದು ನೋಡಿ ತರ್ತಿದ್ದೆ. ಓದಿ ಓದಿ ಶೂಲಪಾಣಿಯಂಗ ಆಗಾಕ ಹೋಗಿ ಚಾಕ್ಕ ಸಕ್ರಿ ಬಿಟ್ರು. ಏನ್ ರುಚೀರಿ ಅದು, ಕಷಾಯ! ಅವರು ಹ್ವಾದ ಮ್ಯಾಲ ನಾನೂ ಓದಾಕ ಕಲ್ತೆ. ಎಲ್ಲಿಗೆ ಹೋಗ್ಯಾರಂತ ಅದರಾಗ ಬರದಿರಬಹುದು ಅಂತ. ಎಲ್ಲಾ ಓದ್ತೀನಿ, ಕೊನೀ ಹಾಳಿ ಒಂದು ಓದಂಗಿಲ್ಲ."

"ಯಾಕ?"

"ಎದ್ದು ಹೋಗ್ತಾನಲ್ರಿ ಅವ! ಉಂಡ ತಾಟು ಹಂಗ ಬಿಟ್ಟು. ನಿಮಗ ಗಂಡಸರಿಗೆ ಅದು ಮಸ್ತ್ ಕಾಣ್ತೈತಿ. ತಾಟು ಎತ್ತೋರು ಯಾರು?"

ಶೂಲಪಾಣಿಯನ್ನು ನಾನು ನಲವತ್ತು ವರ್ಷ ಓದಿದ್ದೇನೆ. ಆ ಬಾಗಿಲಲ್ಲಿ ನಿಂತ ಹೆಂಗಸು ಮುಂದೆ ಏನು ಮಾಡಿದಳೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಾನು ಹೇಳಲೇಬೇಕಾದ ದಿನ ಬಂತು. ಅವರ ಮಗಳು ಅನ್ನಪೂರ್ಣಾಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯ ಕರಡು ತಂದು ನನ್ನ ಕೈಗಿಟ್ಟರು.

"ತಪ್ಪು ನೋಡಿ ಕೊಡ್ರಿ ಅಣ್ಣಾರ. ನಾಳೆ ಪ್ರೆಸ್ಸಿಗೆ ಹೋಗ್ತೈತಿ."

ಬಸವರಾಜ ಎಂಬ ಹೆಸರಿನ ಮೊದಲು 'ದಿ.' ಎಂದಿತ್ತು. ನೀಲಮ್ಮ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದರು. ಯಾರೋ ಪುನಃ ನೀಲಿಯಲ್ಲಿ ಬರೆದಿದ್ದರು.

"ನಮ್ಮ ಮೈದುನಂದು ಅದು," ಎಂದರು. "ಹನ್ನೆರಡು ವರ್ಷಾತು, ಇನ್ನೆಷ್ಟು ದಿನ ವೈನಿ, ಬೀಗರು ಕೇಳ್ತಾರ ಅಂತಾನ. ದಿವಂಗತ ಅಂತ ಹಾಕಿದ್ರ ನಾ ಮಗಳ ಮದುವ್ಯಾಗ ಹಿಂದ ನಿಲ್ಲಬೇಕು. ಅಕ್ಷತಾ ಮೊದ್ಲು ನಂದಲ್ಲ, ಆರತಿ ತಾಟು ನಂದಲ್ಲ. ಈ ಬಳಿ, ಈ ಕುಂಕುಮ..." ಮಾತು ನಿಲ್ಲಿಸಿ ಕೈಯ ಹಿಟ್ಟು ಕೊಡವಿದರು. "ಅವರು ಬದುಕ್ಯಾರ್ರಿ. ಪುಸ್ತಕದಾಗ ಗುರ್ತು ಬರ್ತೈತಿ. ನಾ ಸುಳ್ಳು ಹ್ಯಾಂಗ ಅಚ್ಚು ಹಾಕಿಸ್ಲಿ?"

ಕರಡು ನನ್ನ ಕೈಯಲ್ಲಿತ್ತು. ಅದಕ್ಕೆ ನನ್ನ ಗುರುತು ಬೀಳಬೇಕಿತ್ತು.

"ನೀಲಮ್ಮಾರ, ಆ ಗುರುತು ನಂದು," ಎಂದೆ.

ಎಲ್ಲವನ್ನೂ ಹೇಳಿದೆ: ಖಾಲಿ ಪುಟ, ಚಡಪಡಿಕೆ, ಪೆನ್ನು. ಹೇಳುವಾಗ ಅದು ನನಗೇ ಬಾಲಿಶವಾಗಿ ಕೇಳಿಸಿತು.

ಅವರು ಬಯ್ಯಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತರು.

"ನನಗ ಡೌಟು ಇತ್ರಿ," ಎಂದರು ನಿಧಾನವಾಗಿ. "ಅವರದು ಎಂದೂ ಪೂರ್ತಿ ಕೂಡ್ತಿರ್ಲಿಲ್ಲ. ಗಾಡ್ಯಾಗ ಕುಂತು ಬರದು ಬರದು, ಬಲಕ್ಕ ಕೆಳಗ ಒಂದು ಮೂಲಿ ಬಾಯಿ ಬಿಟ್ಟಿರ್ತಿತ್ತು. ಇವು ಭಾಳ ನೀಟ್ ಇದ್ವು. ಲಾರಿ ಬಿಟ್ಟ ಮ್ಯಾಲ ಕೈ ಸುಧಾರಿಸೈತಿ ಅನ್ಕೊಂಡೆ."

ಹನ್ನೆರಡು ವರ್ಷ ಒಬ್ಬ ಹೆಂಗಸು ನನ್ನ ಕೈಚಳಕಕ್ಕೆ ಕಾರಣ ಹುಡುಕಿ ಕೊಟ್ಟಿದ್ದರು.

ಅವರು ಎದ್ದು ಹೋಗಿ ಒಂದು ನೋಟ್‌ಬುಕ್ ತಂದರು. ಗಂಡ ಹೋದ ಮೇಲೆ ಗುರುತು ಸಿಕ್ಕ ಪುಸ್ತಕಗಳ ಹೆಸರು, ದೊಡ್ಡ ದೊಡ್ಡ ಅಕ್ಷರಗಳಲ್ಲಿ. ಹನ್ನೊಂದು. "ಎಲ್ಲಾನೂ ನಿಮ್ದೇನು? ನೋಡಿ ಹೇಳ್ರಿ."

ಒಂದೊಂದೇ ನೋಡಿದೆ. 'ಏಳನೆಯ ಗೇಟು', ನನ್ನದು. 'ಬೀಗವಿಲ್ಲದ ಊರು', ನನ್ನದು. ಹತ್ತು ಹೆಸರು ಹೀಗೆ ಮುಗಿದವು. ಹನ್ನೊಂದನೆಯದು 'ಹಿಂದಿನ ಬಾಗಿಲು'. ಅದನ್ನು ನಾನು ಓದಿರಲಿಲ್ಲ. ಹೆಸರೂ ಕೇಳಿರಲಿಲ್ಲ.

ಅದೂ ನನ್ನದೇ ಎಂದುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಮೈದುನ, ಬೀಗರು, ಪ್ರೆಸ್ಸಿನವನು, ಎಲ್ಲರ ಕೆಲಸವೂ ಸುಲಭವಾಗುತ್ತಿತ್ತು. ಮೂವತ್ತು ವರ್ಷ ಸುದ್ದಿ ಬರೆದ ಬಾಯಿಗೆ ಅದು ಬರಲಿಲ್ಲ.

"ಹತ್ತು ನಂದು. ಇದೊಂದು ನಂದಲ್ರಿ."

ನೀಲಮ್ಮ ಚೀಲದಿಂದ ಆ ಪುಸ್ತಕ ತೆಗೆದು ಮೂವತ್ತಮೂರನೆಯ ಪುಟ ತೆರೆದಿಟ್ಟರು. ತ್ರಿಕೋನ. ಬಲಕ್ಕೆ ಕೆಳಗಿನ ಮೂಲೆ ಕೂಡಿರಲಿಲ್ಲ. ಒಂದು ಅಕ್ಕಿಕಾಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹೊರಗೆ ಮಧ್ಯಾಹ್ನ ಎರಡರ ಬಿಸಿಲಿತ್ತು. ನನ್ನ ಮುಂಗೈ ಮೇಲಿನ ಕೂದಲು ಎದ್ದು ನಿಂತದ್ದನ್ನು ನಾನೇ ನೋಡಿದೆ.

"ಒಂದು ಸಾಕ್ರಿ," ಎಂದರು ನೀಲಮ್ಮ.

ಅವತ್ತೇ ವಿರುಪಣ್ಣನ ಅಂಗಡಿಗೆ ಹೋದೆ. ಹೊಸ ಪುಸ್ತಕಗಳನ್ನು ತರಿಸುವುದನ್ನು ಅವ ಬಿಟ್ಟಿದ್ದನಂತೆ. ಎಲ್ಲಿಯೋ ಮುಚ್ಚಿದ ಒಂದು ಲೈಬ್ರರಿಯ ಪುಸ್ತಕಗಳನ್ನು ರದ್ದಿಯವನೊಬ್ಬ ಕಟ್ಟು ಕಟ್ಟಿ ತಂದು ಕೊಟ್ಟನಂತೆ. 'ಹಿಂದಿನ ಬಾಗಿಲು' ಬಂದದ್ದು ಆ ಕಟ್ಟಿನಲ್ಲಿ, ನಾನು ಕಣ್ಣಿನ ಆಪರೇಷನ್ನಿಗೆ ಹೋಗಿದ್ದ ವಾರ. "ಕಟ್ಟು ಬಿಚ್ಚಿದ್ದ ಆ ಅಮ್ಮಾರ ಮುಂದ್ರಿ. ಯಾರ ಕೈಗೂ ಹೋಗಿಲ್ಲ." ಊರಿನ ಮುದ್ರೆ ಇರಬೇಕಾದ ಮೊದಲ ಹಾಳೆ ಹರಿದಿತ್ತು. ಆದರೆ ಬೆನ್ನಿನ ಮೇಲೆ ಸರಣಿಯ ಸಂಖ್ಯೆ ಇತ್ತು. ಬಸವರಾಜ ಕಾಣೆಯಾದ ವರ್ಷ ಬಂದ ಪುಸ್ತಕಕ್ಕಿಂತ ಹದಿನಾಲ್ಕು ಸಂಖ್ಯೆ ಮುಂದಿನದು. ಅಂದರೆ ಅಚ್ಚಾದದ್ದು ಅವರು ಹೋದ ಮೇಲೆ. ರದ್ದಿಯವನನ್ನು ಹುಡುಕಿ ಮಾತಾಡಿಸಿದೆ. "ರದ್ದಿಗೆ ಊರು ಯಾವ್ದ್ರಿ?" ಎಂದ. ನನಗೆ ತಿಳಿದದ್ದು ಇಷ್ಟು. ಇದಕ್ಕಿಂತ ಹೆಚ್ಚು ಗೊತ್ತಿದೆ ಎಂದರೆ ಸುಳ್ಳಾಗುತ್ತದೆ.

ಲಗ್ನಪತ್ರಿಕೆ 'ದಿ.' ಇಲ್ಲದೆ ಅಚ್ಚಾಯಿತು. ಕರಡಿನ ಮೂಲೆಯಲ್ಲಿ ನನ್ನ ಸಹಿ ಇತ್ತು. ತ್ರಿಕೋನವಲ್ಲ, ಹೆಸರು ಬರೆದ ಸಹಿ. ಮೂರು ತಿಂಗಳ ಹಿಂದೆ ಮದುವೆಯಾಯಿತು. ಮೈದುನ ಮುಖ ಗಂಟು ಹಾಕಿಕೊಂಡೇ ಓಡಾಡಿದ. ನೀಲಮ್ಮ ಎಲ್ಲರಿಗಿಂತ ಮುಂದೆ ನಿಂತು ಅಕ್ಷತೆ ಹಾಕಿದರು. ಊಟದ ಪಂಕ್ತಿಯ ಕೊನೆಗೆ ಒಂದು ಎಲೆ ಹೆಚ್ಚಿಗೆ ಹಾಕಿ ಬಡಿಸಿದ್ದರು. ಕೂರಲು ಬಂದವರನ್ನು, "ಅಲ್ಲಿ ಬ್ಯಾಡ್ರಿ, ಇಲ್ಲಿ ಕುಂದ್ರಿ" ಎಂದು ಬೇರೆ ಕಡೆ ಕಳಿಸುತ್ತಿದ್ದರು. ನಾನು ಆ ಎಲೆಯ ಪಕ್ಕ ಕೂತು ಉಂಡೆ. ಎಡಗಡೆಗೆ ತಿರುಗಿ ನೋಡಲಿಲ್ಲ.

ಇಷ್ಟು ಬರೆದಾಯಿತು. ಮಿಕ್ಸಿಯ ಕೈಪಿಡಿಗೂ ಗುರುತು ಹಾಕಿಕೊಳ್ಳುವ ನನ್ನ ಮರೆಗುಳಿತನವನ್ನು ಗೇಲಿ ಮಾಡಿ ಮುಗಿಸುವುದು ನನ್ನ ಯೋಚನೆಯಾಗಿತ್ತು. ಆದರೆ ಕೊನೆಯ ಸಾಲಿಗೆ ಮುಂಚೆ ಮೂಲವನ್ನು ಇನ್ನೊಮ್ಮೆ ನೋಡುವುದು ಹಳೆಯ ಅಭ್ಯಾಸ. ಕೈಪಿಡಿ ತರಿಸಿಕೊಂಡೆ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿಕೊಂಡು ಮೂವತ್ತಮೂರನೆಯ ಪುಟ ತೆರೆದೆ.

ಬಲಕ್ಕೆ ಕೆಳಗಿನ ಮೂಲೆ ಬಾಯಿ ಬಿಟ್ಟಿತ್ತು.

ಕೈ ನಡುಗುವ ವಯಸ್ಸು, ನನ್ನದೇ ಇರಬಹುದು. ಒಂದು ಹಾಳೆ ತೆಗೆದು ಹತ್ತು ತ್ರಿಕೋನ ಬರೆದೆ. ಹತ್ತೂ ಮುಚ್ಚಿದ್ದವು.

ಹೆಂಡತಿಯನ್ನು ಕರೆದೆ. "ಈ ಪುಸ್ತಕ ಯಾರಾದ್ರೂ ಮುಟ್ಟಿದ್ರೇನು?"

"ಯಾರು ಮುಟ್ತಾರ್ರಿ? ಮಿಕ್ಸಿ ತಂದು ಕೊಟ್ಟವರೊಬ್ರು ನೋಡ್ತಿದ್ರು. ನೀವು ಮನ್ಯಾಗ ಇರ್ಲಿಲ್ಲ. ಗೂಡ್ಸ್ ಗಾಡಿಯವರು. ಚೀಟಿಗೆ ಸಹಿ ಹಾಕಿ ಕೊಡೋತನ ಕಟ್ಟಿ ಮ್ಯಾಲ ಕುಂತು ಹಾಳಿ ತಿರುವ್ಯಾಡ್ತಿದ್ರು."

"ಎಂಥವರು?"

"ನಿಮ್ಮಷ್ಟು ವಯಸ್ಸು. ಲುಂಗಿ ಉಟ್ಟಿದ್ರು. ಬಿಸಿಲಾಗ ಬಂದಾರಂತ ಚಾ ಕೊಟ್ಟೆ. ಸಕ್ರಿ ಬ್ಯಾಡವ್ವ ಅಂದ್ರು."

ಈ ವಯಸ್ಸಿನ ಅರ್ಧ ಊರು ಸಕ್ಕರೆ ಬಿಟ್ಟಿದೆ. ಲುಂಗಿ ಉಡುವವರಿಗೆ ಲೆಕ್ಕವಿಲ್ಲ. ಇದೊಂದೂ ಸುದ್ದಿಯಲ್ಲ. ಮೂವತ್ತು ವರ್ಷದಲ್ಲಿ ಇಂಥ ಎಷ್ಟೋ ಸಾಲುಗಳನ್ನು 'ಖಚಿತವಿಲ್ಲ' ಎಂದು ಬರೆದು ಪಕ್ಕಕ್ಕೆ ಹಾಕಿದ್ದೇನೆ.

"ಎಲ್ಲಿಗೆ ಹ್ವಾದ್ರು?"

"ನಾ ಯಾಕ ಕೇಳ್ಲಿ?" ಎಂದಳು ಹೆಂಡತಿ. "ಗಾಡಿ ಹತ್ತಿ ಹ್ವಾದ್ರು. ಎಲ್ಲಿಗೆ ಅಂತ ಕೇಳ್ಲಿಲ್ಲ."

ನಾನು ಕೈಪಿಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ.

"ಈಗ ನೀವೆಲ್ಲಿಗೆ ಹೊಂಟ್ರಿ ಈ ಬಿಸಿಲಾಗ?"

"ಖಾನಾವಳಿಗೆ," ಎಂದೆ. "ನೀಲಮ್ಮಾರಿಗೆ ಒಂದು ಪುಟ ತೋರಿಸೋದೈತಿ."